ಕೇಳುವವರಿದ್ದಾರೆ, ಹೇಳುವವರಿಲ್ಲ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ ಅಶೋಕನ ಶಾಸನಗಳಲ್ಲಿ ಒಂದು ತಪ್ಪೊಪ್ಪಿಗೆಯಿದೆ. ಉಪಾಸಕನಾಗಿ ಎರಡೂವರೆ ವರ್ಷ ದಾಟಿದರೂ ಒಂದು ವರ್ಷ ತಾನು ಸಾಕಷ್ಟು ಶ್ರಮಿಸಲಿಲ್ಲ ಎಂದು ಚಕ್ರವರ್ತಿಯೇ ಬಂಡೆಯ ಮೇಲೆ ಬರೆಸಿದ್ದಾನೆ. ಊರಿಗೆಲ್ಲ ಕಾಣುವಂತೆ ಒಪ್ಪಿಕೊಂಡ, ಸರಿ. ಆದರೆ ಅವನಿಗೆ ‘ಇನ್ನು ಸಾಕು, ಹೋಗು’ ಎನ್ನುವವರು ಯಾರಿದ್ದರು? ಇದೇ ಸೀಮೆಯ ಬುಡಕಟ್ಟುಗಳ ಕಟ್ಟೆಮನೆ ಎಂಬ ಕುಲಪಂಚಾಯಿತಿಗಳಲ್ಲಿ ಆ ಮಾತು ಹೇಳುವ ಹಿರಿಯರಿದ್ದರು: ತಪ್ಪು ಮಾಡಿದವನು ಕುಲದೆದುರು ನಿಂತು ಒಪ್ಪಿಕೊಳ್ಳಬೇಕು, ದಂಡ ತೆತ್ತು ಒಳಗೆ ಬರಬೇಕು. ಹೊರೆ ಇಳಿಯುತ್ತದೆ, ಮಾನವೂ ಹೋಗುತ್ತದೆ. ದೇವರ ಹುಂಡಿಗೆ ತಪ್ಪುಕಾಣಿಕೆ ಹಾಕಿದರೆ ಮಾನ ಉಳಿಯುತ್ತದೆ, ಉತ್ತರ ಬರುವುದಿಲ್ಲ. ಕಥೋಲಿಕ ಕ್ರೈಸ್ತರ ಪಾಪನಿವೇದನೆ ಈ ಎರಡರ ನಡುವಿನ ದಾರಿ. ಅಲ್ಲಿ ಕೇಳಿ ಉತ್ತರಿಸುವ ಮನುಷ್ಯನಿದ್ದಾನೆ, ಕೇಳಿದ್ದನ್ನು ಅವನು ಯಾರಿಗೂ ಹೇಳುವಂತಿಲ್ಲ.

ಮೊಳಕಾಲ್ಮೂರು, ಚಳ್ಳಕೆರೆ ಸೇರಿದಂತೆ ಚಿತ್ರದುರ್ಗ ಜಿಲ್ಲೆಯ ಕಥೋಲಿಕರು 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದವರು. ವರ್ಷಕ್ಕೊಮ್ಮೆಯಾದರೂ ಪಾಪ ನಿವೇದಿಸಬೇಕೆಂಬ ಕಟ್ಟಳೆ 1215ರ ಲ್ಯಾಟರನ್ ಮಹಾಸಭೆಯದು; ಈಸ್ಟರ್‌ಗೆ ಮೊದಲಿನ ತಪಸ್ಸುಕಾಲದಲ್ಲಿ ಅದಕ್ಕೆ ಹೆಚ್ಚು ಒತ್ತು. ಗುರುಗಳ, ಅಂದರೆ ಪಾದ್ರಿಗಳ, ಬಳಿ ‘ನಾನು ಪಾಪಿ’ ಎಂದಷ್ಟೇ ಹೇಳಿದರೆ ಸಾಲದು. ಯಾವ ಪಾಪ, ಎಷ್ಟು ಸಲ ಎಂದು ಹೇಳಬೇಕೆಂದು 1551ರಲ್ಲಿ ಟ್ರೆಂಟ್ ಮಹಾಸಭೆ ವಿಧಿಸಿತು. ಇದು ಲೆಕ್ಕಪತ್ರದ ಗೀಳಿನಂತೆ ಕಂಡೀತು. ಸಮಾಧಾನದ ಗುಟ್ಟು ಇಲ್ಲೇ ಇದೆ ಎಂಬುದು ನನ್ನ ವಾದ. ಹೆಸರಿಡದ ಅಪರಾಧಪ್ರಜ್ಞೆಗೆ ಎಲ್ಲೆಯಿಲ್ಲ, ಅದು ಇಡೀ ಬಾಳನ್ನೇ ಕೆಟ್ಟದ್ದೆನ್ನುತ್ತದೆ. ಬಾಯಿಬಿಟ್ಟು ಹೇಳಿದ ತಪ್ಪು ಅಷ್ಟೇ ಅಗಲದ್ದಾಗುತ್ತದೆ. ಅದಕ್ಕೆ ತಕ್ಕ ಪ್ರಾಯಶ್ಚಿತ್ತವೂ ಅಷ್ಟಕ್ಕೇ ಮುಗಿಯುತ್ತದೆ.

ನೇರ ದೇವರಿಗೇ ಹೇಳಬಾರದೇ ಎಂಬುದು ಪ್ರೊಟೆಸ್ಟಂಟರ ಹಳೆಯ ತಕರಾರು. ಕಡ್ಡಾಯವನ್ನು ವಿರೋಧಿಸಿದ ಅವರ ಮೂಲಪುರುಷ ಲೂಥರ್ ಕೂಡ ಖಾಸಗಿ ನಿವೇದನೆಯನ್ನು ಬಿಡಲಿಲ್ಲ. ತನ್ನನ್ನು ತಾನೇ ಕ್ಷಮಿಸಿಕೊಂಡವನಿಗೆ ಆ ಕ್ಷಮೆಯ ಮೇಲೆ ನಂಬಿಕೆ ಬರುವುದು ಕಷ್ಟ, ಅದಕ್ಕೇ ಹೊರಗಿನ ದನಿ ಬೇಕು. ಆ ದನಿಯೇ ದ್ರೋಹ ಬಗೆದರೆ? ನಿವೇದನೆಯಲ್ಲಿ ಕೇಳಿದ್ದನ್ನು ದುರ್ಬಳಕೆ ಮಾಡಿದರೆಂದು ಕೇರಳದ ಆರ್ಥೊಡಾಕ್ಸ್ ಪಾದ್ರಿಗಳ ಮೇಲೆ ಬಂದ ದೂರಿನ ಬೆನ್ನಿಗೆ, 2018ರಲ್ಲಿ ರಾಷ್ಟ್ರೀಯ ಮಹಿಳಾ ಆಯೋಗದ ಅಧ್ಯಕ್ಷೆ ಈ ಪದ್ಧತಿಯನ್ನೇ ನಿಲ್ಲಿಸಬೇಕೆಂದರು. ಭಯ ಸುಳ್ಳಲ್ಲ. ಆದರೆ ಗುಟ್ಟು ಒಡೆದ ಗುರುವಿಗೆ ಬಹಿಷ್ಕಾರ ವಿಧಿಸುವ ಕಥೋಲಿಕ ಸಭೆಯ ಕಾನೂನು ಹುಟ್ಟಿದ್ದೇ ಆ ಭಯದಿಂದ. ನನಗೆ ಇದಕ್ಕಿಂತ ಗಟ್ಟಿಯೆನಿಸುವ ಆಕ್ಷೇಪ ಬೇರೆ. ಕಟ್ಟೆಮನೆಯಲ್ಲಿ ಅನ್ಯಾಯಕ್ಕೊಳಗಾದವನು ಎದುರಿಗಿರಬಹುದು, ಇಲ್ಲಿ ಅವನಿಗೆ ಜಾಗವಿಲ್ಲ. ಕದ್ದದ್ದನ್ನು ಹಿಂತಿರುಗಿಸದೆ ಬರಿಯ ಪಶ್ಚಾತ್ತಾಪ ಸಾಲದೆಂದು ಸಭೆ ಬೋಧಿಸುತ್ತದೆ, ನಿಜ. ಹಿಂತಿರುಗಿಸಿದನೇ ಎಂದು ಊರಲ್ಲಿ ವಿಚಾರಿಸಲು ಮಾತ್ರ ಗುರುಗಳಿಗೆ ದಾರಿಯಿಲ್ಲ. ವಿಚಾರಿಸಿದರೆ ಗುಟ್ಟು ಒಡೆಯುತ್ತದೆ.