ಝಲ್ಲೆನ್ನುವ ಸಾಮು

ಯುಗಾದಿಯ ಬೆಳಗ್ಗೆ ಡೊಂಬಿವಲಿಯ ಫಡಕೆ ರಸ್ತೆಯಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ನಮ್ಮ ಯುಗಾದಿಯೇ ಮರಾಠಿಗರ ಗುಡಿಪಾಡ್ವ. 1990ರ ದಶಕದ ಕೊನೆಯಲ್ಲಿ ಈ ಊರಿನ ಗಣೇಶ ಮಂದಿರದವರು ಮುಂದೆ ನಿಂತು ಶುರುಮಾಡಿದ ಶೋಭಾಯಾತ್ರೆ ಆಮೇಲೆ ಥಾಣೆ, ಕಲ್ಯಾಣ್, ನವಿಮುಂಬಯಿಗೆಲ್ಲ ಹಬ್ಬಿತು. ನವ್ವಾರಿ ಸೀರೆಯುಟ್ಟು ಬೈಕ್ ಓಡಿಸುವ ಹೆಣ್ಣುಮಕ್ಕಳು, ಚಿತ್ರರಥಗಳು, ಡೋಲು-ತಾಶಾ ಪಥಕಗಳು: ಟಿವಿಯವರ ಕ್ಯಾಮೆರಾ ತಿರುಗುವುದು ಇವುಗಳ ಕಡೆಗೇ. ವಿಜ್ಞಾನದ ಕುತೂಹಲ ಇರುವವರು ನೋಡಬೇಕಾದದ್ದು ಮಾತ್ರ ಶಾಲೆಮಕ್ಕಳ ಲೇಜಿಮ್ ಸಾಲನ್ನು. ಬೆಳಗಾವಿ, ವಿಜಯಪುರ, ಜತ್ತ, ಅಕ್ಕಲಕೋಟೆಗಳಿಂದ ಬಂದು ಇಲ್ಲಿ ನೆಲೆಸಿದ ಕನ್ನಡಿಗರಿಗೆ ಅದರ ಪರಿಚಯ ಹೇಳಬೇಕಿಲ್ಲ. ಡ್ರಿಲ್ ಮಾಸ್ತರರ ಸೀಟಿಗೆ ಲೇಜಿಮ್ ಹೊಡೆದೇ ದೊಡ್ಡವರಾದ ಜನ ಅವರು. ಉಡುಪಿ, ಮಂಗಳೂರು ಕಡೆಯವರಿಗೆ, ಹಳೇ ಮೈಸೂರಿನವರಿಗೆ ಸ್ವಲ್ಪ ವಿವರಿಸಬೇಕು.

ಸುಮಾರು ಒಂದು ಮೊಳ ಉದ್ದದ ಮರದ ದಾಂಡು. ಅದರ ಎರಡೂ ತುದಿಗೆ ಬಿಗಿದ ಕಬ್ಬಿಣದ ಸರಪಳಿ, ಸರಪಳಿಯ ಉದ್ದಕ್ಕೂ ಪೋಣಿಸಿದ ತೆಳು ತಗಡಿನ ಬಿಲ್ಲೆಗಳು, ನಡುವೆ ಒಂದು ಹಿಡಿಕೆ. ಒಂದು ಕೈಯಲ್ಲಿ ದಾಂಡು, ಇನ್ನೊಂದರಲ್ಲಿ ಹಿಡಿಕೆ. ಕೈಗಳನ್ನು ಝಾಡಿಸಿ ಅಗಲಿಸಿದರೆ ಒಂದು ಸದ್ದು, ಕೂಡಿಸಿದರೆ ಇನ್ನೊಂದು. ಶಾಲೆಯ ಲೇಜಿಮ್ ಒಂದು ಕಿಲೋ ಒಳಗೇ ತೂಗುತ್ತದೆ. ತಾಲೀಮಿನ ಪೈಲ್ವಾನರದ್ದು ಇನ್ನೂ ಭಾರ. ನೋಡಿದರೆ ಬಿಲ್ಲು-ಹೆದೆಯ ನೆನಪಾಗುವುದು ಆಕಸ್ಮಿಕವಲ್ಲ. ಬಿಲ್ಲುಗಾರರು ತೋಳು ಗಟ್ಟಿಮಾಡಿಕೊಳ್ಳಲು ಎಳೆಯುತ್ತಿದ್ದ ಅಭ್ಯಾಸದ ಬಿಲ್ಲೇ ಇದರ ಮೂಲ. ಇರಾನಿನ ಜೂರ್‌ಖಾನೆ ಎಂಬ ಗರಡಿಗಳಲ್ಲಿ ಇದರ ಹಿರಿಯಣ್ಣ ಇವತ್ತಿಗೂ ಇದೆ. ಸರಪಳಿ ಹಾಕಿದ ದೊಡ್ಡ ಕಬ್ಬಿಣದ ಬಿಲ್ಲನ್ನು ತಲೆಯ ಮೇಲೆತ್ತಿ ಅತ್ತ ಇತ್ತ ಆಡಿಸುತ್ತಾರೆ. ಮುರ್ಷಿದ್ ಎನ್ನುವವನು ಎತ್ತರದ ಕಟ್ಟೆಯ ಮೇಲೆ ಕೂತು ಹಾಡುತ್ತ, ಚರ್ಮವಾದ್ಯ ಬಡಿಯುತ್ತ ಎಲ್ಲರ ಕಸರತ್ತಿಗೆ ಗತಿ ಕೊಡುತ್ತಾನೆ. 2010ರಲ್ಲಿ ಯುನೆಸ್ಕೊ ಈ ಪರಂಪರೆಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಜಿಮ್‌ನಲ್ಲಿ ಸ್ಪೀಕರ್ ಹಾಕುವ ಉಪಾಯ ಹೊಸದೇನಲ್ಲ ಎಂದಾಯಿತು.

ಆದರೆ ಲೇಜಿಮ್ ಸ್ಪೀಕರಿಗಿಂತ ಒಂದು ಹೆಜ್ಜೆ ಮುಂದಿದೆ. ಇಲ್ಲಿ ಸದ್ದು ಹೊರಗಿನಿಂದ ಬರುವುದಿಲ್ಲ, ಕಸರತ್ತಿನಿಂದಲೇ ಹುಟ್ಟುತ್ತದೆ. ತೋಳು ಪೂರ್ತಿ ಚಾಚಿ, ಕೊನೆಯಲ್ಲಿ ಗಕ್ಕನೆ ನಿಲ್ಲಿಸಿದರೆ ಬಿಲ್ಲೆಗಳೆಲ್ಲ ಒಂದೇ ಏಟಿಗೆ ಬಡಿದು ‘ಝಲ್’ ಎನ್ನುತ್ತವೆ. ಸೋಮಾರಿತನದಿಂದ ಅರ್ಧಕ್ಕೆ ಎಳೆದರೆ ಒಂದಾದ ಮೇಲೊಂದು ಬಿದ್ದು ‘ಜಳಜಳ’ ಎಂದು ಹರಡಿಹೋಗುತ್ತವೆ. ಅನುಭವಿ ಮಾಸ್ತರರು ಮಕ್ಕಳಿಗೆ ಬೆನ್ನುಹಾಕಿ ನಿಂತೇ ಯಾವ ಸಾಲು ಕಳ್ಳಾಟ ಆಡುತ್ತಿದೆ ಎಂದು ಹೇಳಬಲ್ಲರು. ತೆಳು ತಗಡಿನ ಸದ್ದಿನಲ್ಲಿ ಎತ್ತರದ ಕಂಪನಗಳೇ ಹೆಚ್ಚು. ಮನುಷ್ಯನ ಕಿವಿ ಅತಿ ಸೂಕ್ಷ್ಮವಾಗಿರುವುದು ಸೆಕೆಂಡಿಗೆ 2,000ದಿಂದ 5,000 ಕಂಪನಗಳ ನಡುವೆ. ಹಾಗಾಗಿ ಪಕ್ಕದಲ್ಲೇ ಡೋಲು ಗುಡುಗುತ್ತಿದ್ದರೂ ಲೇಜಿಮ್ಮಿನ ಝಲ್ ಅದರ ಮೇಲೆ ತೇಲಿ ಕೇಳಿಸುತ್ತದೆ.

ಕಾಲದ ವಿಷಯದಲ್ಲಿ ಕಣ್ಣಿಗಿಂತ ಕಿವಿ ಚುರುಕು. ಸೆಕೆಂಡಿಗೆ 24 ಚಿತ್ರ ತೋರಿಸಿದರೆ ಸಾಕು, ಕಣ್ಣು ಮೋಸಹೋಗಿ ಅದನ್ನು ಚಲನೆ ಎಂದು ನಂಬುತ್ತದೆ. ಸಿನಿಮಾ ನಿಂತಿರುವುದೇ ಇದರ ಮೇಲೆ. ಕಿವಿಯಾದರೋ ಸದ್ದಿನ ನಡುವೆ ಎರಡು-ಮೂರು ಮಿಲಿಸೆಕೆಂಡಿನ ಬಿರುಕು ಬಿದ್ದರೂ ಹಿಡಿಯುತ್ತದೆ. ಬೆಳಕು ಬಿದ್ದಾಗ ಕಣ್ಣಿನ ಪರದೆಯಲ್ಲಿ ಸಾಲುಸಾಲು ರಾಸಾಯನಿಕ ಕ್ರಿಯೆ ನಡೆಯಬೇಕು. ಒಳಗಿವಿಯ ಕೂದಲುಕೋಶಗಳಲ್ಲಿ ಆ ಗೋಜಲಿಲ್ಲ: ಸದ್ದಿನ ಅಲೆಗೆ ಕೂದಲು ಬಾಗಿತು, ಬಾಗಿಲು ತೆರೆಯಿತು, ವಿದ್ಯುತ್ ಸಂಕೇತ ಹೊರಟಿತು.

ಹೊರಟ ಸಂಕೇತ ಕೇಳುವ ಕೇಂದ್ರದಲ್ಲಷ್ಟೇ ನಿಲ್ಲುವುದಿಲ್ಲ. ಕೈಕಾಲು ಅಲ್ಲಾಡಿಸದೆ ಸ್ಕ್ಯಾನರಿನಲ್ಲಿ ಮಲಗಿ ಬರೀ ತಾಳ ಕೇಳಿದರೂ ಮಿದುಳಿನಲ್ಲಿ ಚಲನೆಯನ್ನು ನಿಭಾಯಿಸುವ ಭಾಗಗಳು ಚುರುಕಾಗುತ್ತವೆ ಎಂದು ಜೆಸಿಕಾ ಗ್ರಾನ್ ಮತ್ತು ಮ್ಯಾಥ್ಯೂ ಬ್ರೆಟ್ 2007ರಲ್ಲಿ ತೋರಿಸಿದರು. ಇನ್ನೂ ಸೋಜಿಗದ ಸಂಗತಿಯೊಂದಿದೆ. ತಾಳಕ್ಕೆ ಸರಿಯಾಗಿ ಬೆರಳು ತಟ್ಟಿ ಎಂದರೆ ನಾವು ತಾಳ ಕೇಳಿದ ಮೇಲೆ ತಟ್ಟುವುದಿಲ್ಲ, ಹತ್ತಾರು ಮಿಲಿಸೆಕೆಂಡು ಮೊದಲೇ ತಟ್ಟುತ್ತೇವೆ. ಮಿದುಳು ಮುಂದಿನ ಪೆಟ್ಟನ್ನು ಊಹಿಸಿ ಸ್ನಾಯುಗಳಿಗೆ ಮುಂಗಡವಾಗಿ ಸುದ್ದಿ ಕಳಿಸಿರುತ್ತದೆ. ಪಾರ್ಕಿನ್ಸನ್ ರೋಗಿಗಳ ತೊಡಕು ಇರುವುದು ಈ ಒಳಗಿನ ಸಮಯಪಾಲನೆಯಲ್ಲೇ. ಮೈಕೆಲ್ ಥೌಟ್ ಮತ್ತು ಸಂಗಡಿಗರು 1996ರಲ್ಲಿ ಅಂಥವರನ್ನು ಮೂರು ವಾರ ತಾಳಬದ್ಧ ಸಂಗೀತಕ್ಕೆ ನಡೆಸಿದಾಗ ನಡಿಗೆಯ ವೇಗ, ಹೆಜ್ಜೆಯ ಉದ್ದ ಎರಡೂ ಹೆಚ್ಚಿದವು. ಒಳಗಿನ ಗಡಿಯಾರ ಕೈಕೊಟ್ಟಲ್ಲಿ ಹೊರಗಿನದು ಊರುಗೋಲಾಯಿತು.

ಕಿವಿ ತಾಳಕ್ಕೆ ಎಷ್ಟು ಸೂಕ್ಷ್ಮ ಎಂಬುದನ್ನು ಮೆರವಣಿಗೆಯಲ್ಲೇ ಪರೀಕ್ಷಿಸಿ ನೋಡಬಹುದು. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಡೋಲು ಸಾಲಿನ ತಲೆಯಲ್ಲಿದ್ದು, ಕೊನೆಯ ಮಗು 34 ಮೀಟರ್ ಹಿಂದಿದ್ದರೆ ಆ ಮಗುವಿಗೆ ಪ್ರತಿ ಪೆಟ್ಟೂ ಸೆಕೆಂಡಿನ ಹತ್ತನೇ ಒಂದು ಪಾಲು ತಡವಾಗಿ ತಲುಪುತ್ತದೆ. ನಿಮಿಷಕ್ಕೆ 120 ಪೆಟ್ಟಿನ ಗತಿಯಲ್ಲಿ ಒಂದು ಪೆಟ್ಟಿಗೂ ಇನ್ನೊಂದಕ್ಕೂ ಅಂತರ ಅರ್ಧ ಸೆಕೆಂಡು ತಾನೇ? ಅದರ ಐದನೇ ಒಂದು ಪಾಲು ದಾರಿಯಲ್ಲೇ ಸೋರಿಹೋಯಿತು. ಮಕ್ಕಳು ಎಷ್ಟೇ ಶಿಸ್ತಿನಿಂದ ಹೊಡೆದರೂ ದೂರದಿಂದ ಕೇಳುವವರಿಗೆ ಸದ್ದು ಸೀಳಿದ ಹಾಗೆ ಕೇಳಿಸುವುದು ಇದಕ್ಕೇ. ಡೋಲು, ಹಲಗಿಗಳನ್ನು ಸಾಲಿನ ನಡುವೆ ಇರಿಸಿದರೆ ತಡ ಅರ್ಧಕ್ಕಿಳಿಯುತ್ತದೆ. ಸೀಟಿಯ ಜೊತೆ ಕೈ ಎತ್ತಿ ಸನ್ನೆ ಮಾಡುವುದರಲ್ಲೂ ಅರ್ಥವಿದೆ, ಬೆಳಕಿಗೆ ಈ ಬಾಧೆ ಇಲ್ಲ.

ಹಾಡು ಹಾಕಿಕೊಂಡು ಓಡಿದರೆ ದಣಿವು ಗೊತ್ತಾಗುವುದಿಲ್ಲ ಎಂಬುದು ಎಲ್ಲರ ಅನುಭವ. ಸೈಕಲ್ ರೇಸಿನಲ್ಲಿ ಬ್ಯಾಂಡ್ ಬಾರಿಸುವ ಹೊತ್ತಿಗೆ ಸವಾರರ ವೇಗ ಹೆಚ್ಚುವುದನ್ನು ಅಮೆರಿಕದ ಲಿಯೊನಾರ್ಡ್ ಏರ್ಸ್ 1911ರಲ್ಲೇ ದಾಖಲಿಸಿದ್ದ. 2012ರ ಬ್ರಿಟಿಷ್ ಪ್ರಯೋಗವೊಂದರಲ್ಲಿ, ಪೆಡಲಿನ ಗತಿಗಿಂತ ಕೊಂಚ ನಿಧಾನದ ಹಾಡು ಕೇಳಿದಾಗಿನದಕ್ಕೆ ಹೋಲಿಸಿದರೆ, ಗತಿಗೆ ಕೂಡಿಬಂದ ಹಾಡಿನೊಂದಿಗೆ ತುಳಿದಾಗ ಆಮ್ಲಜನಕದ ಖರ್ಚು ಸುಮಾರು ಶೇಕಡಾ 7ರಷ್ಟು ಕಡಿಮೆಯಿತ್ತು. ಮರುವರ್ಷ ಜರ್ಮನಿಯ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಥಾಮಸ್ ಫ್ರಿಟ್ಸ್ ಇನ್ನೂ ಮುಂದೆ ಹೋದರು. ಜಿಮ್ಮಿನ ಯಂತ್ರಗಳಿಗೆ ಸಂವೇದಕ ಜೋಡಿಸಿ, ಎಳೆದಂತೆ, ತುಳಿದಂತೆ ಸಂಗೀತ ಹುಟ್ಟುವ ಹಾಗೆ ಮಾಡಿದರು. ಅದೇ ಕಸರತ್ತು, ಆದರೆ ಸಂಗೀತವನ್ನು ಸುಮ್ಮನೆ ಕೇಳಿದವರಿಗಿಂತ ತಮ್ಮ ಮೈಯಿಂದಲೇ ಹುಟ್ಟಿಸಿದವರಿಗೆ ಶ್ರಮ ಕಡಿಮೆ ಅನ್ನಿಸಿತು. ಕಂಪ್ಯೂಟರು, ಸೆನ್ಸರು ಎಲ್ಲ ಕೂಡಿ ಲೈಪ್‌ಜಿಗ್‌ನಲ್ಲಿ ಸಾಧಿಸಿದ್ದನ್ನು ನಮ್ಮ ಕಮ್ಮಾರ ಒಂದು ದಾಂಡು, ಒಂದು ಸರಪಳಿಯಲ್ಲಿ ಮುಗಿಸಿದ್ದಾನೆ ಎಂದರೆ ಉತ್ಪ್ರೇಕ್ಷೆಯಾಗಲಾರದು. ಲೇಜಿಮ್ಮಿನ ಮೇಲೇ ಇಂಥ ಪ್ರಯೋಗ ಮಾಡಲು ನಮ್ಮ ದೈಹಿಕ ಶಿಕ್ಷಣ ಕಾಲೇಜುಗಳಿಗೆ ಹೆಚ್ಚಿನ ಖರ್ಚೇನೂ ಬೇಕಿಲ್ಲ.

ಜೊತೆಗೂಡಿ ಮಾಡುವುದರ ಲಾಭ ಬೇರೆಯೇ. ಆಕ್ಸ್‌ಫರ್ಡಿನ ದೋಣಿ ಓಟಗಾರರು ಒಬ್ಬೊಬ್ಬರೇ ಹುಟ್ಟು ಹಾಕಿದಾಗಿನದಕ್ಕಿಂತ ಒಟ್ಟಿಗೆ ಹಾಕಿದ ಮೇಲೆ ಹೆಚ್ಚು ನೋವು ತಾಳಬಲ್ಲವರಾಗಿದ್ದರು ಎಂದು 2010ರ ಅಧ್ಯಯನ ಹೇಳುತ್ತದೆ. ಮೈಯೊಳಗೇ ತಯಾರಾಗುವ ನೋವುಶಾಮಕ ಎಂಡಾರ್ಫಿನ್‌ಗಳೇ ಇದಕ್ಕೆ ಕಾರಣವಿರಬೇಕೆಂಬುದು ಸಂಶೋಧಕರ ವಾದ.

ಕಲ್ಯಾಣದಿಂದ ಸಿಎಸ್‌ಎಂಟಿಗೆ ಹೋಗುವ ಬೆಳಗಿನ ಲೋಕಲ್‌ನಲ್ಲಿ ಕೈ ಚಾಚಲೂ ಜಾಗವಿಲ್ಲ, ಲೇಜಿಮ್ಮಿನ ಮಾತು ದೂರ. ಅಲ್ಲಿಯ ಭಜನಾ ಮಂಡಳಿಗಳು ಉಸಿರಿಗೇ ಕಸರತ್ತು ಕೊಡುತ್ತವೆ. ಉದ್ದನೆಯ ಸಾಲು ಹಾಡಬೇಕಾದರೆ ಉಸಿರನ್ನು ಬೇಗ ಎಳೆದುಕೊಂಡು ನಿಧಾನ ಬಿಡಲೇಬೇಕು. ಇಟಲಿಯ ಲೂಸಿಯಾನೊ ಬರ್ನಾರ್ಡಿ 2001ರಲ್ಲಿ ಲ್ಯಾಟಿನ್ ಜಪಮಾಲೆಯನ್ನೂ ಬೌದ್ಧ ಮಂತ್ರವನ್ನೂ ಪಠಿಸುವವರನ್ನು ಅಳೆದು ನೋಡಿದ. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದು, ಹೃದಯಬಡಿತ ಮತ್ತು ರಕ್ತದೊತ್ತಡದ ಏರಿಳಿತಗಳು ಉಸಿರಿಗೆ ಹೊಂದಿಕೊಂಡವು. ರೈಲಿನ ಭಜನೆ ಅಷ್ಟು ನಿಧಾನದ್ದಲ್ಲ, ತಾಳದ ಅಬ್ಬರದಲ್ಲಿ ಪಕ್ಕದವರ ನಿದ್ದೆ ಕೆಡುವುದೂ ನಿಜ. ವಿಳಂಬ ಲಯದ ದೇವರನಾಮವನ್ನು ಮನೆಯಲ್ಲಿ ಸಂಜೆ ಹಾಡಿಕೊಂಡರೆ ಆ ಲಾಭ ಹೆಚ್ಚು ಸಿಕ್ಕೀತು. ಥಾಣೆಯ ತಲಾವ್ ಪಾಳಿ, ನವಿಮುಂಬಯಿಯ ಪಾಮ್‌ಬೀಚ್ ರಸ್ತೆಯಲ್ಲಿ ನಡೆಯುವವರಿಗೆ ನಿಮಿಷಕ್ಕೆ 120 ಪೆಟ್ಟಿನ ಹಾಡು ಸಾಕು. ಮನುಷ್ಯನ ಸಹಜ ನಡಿಗೆಯೂ ಹೆಚ್ಚುಕಡಿಮೆ ಅಷ್ಟೇ.

ಇಷ್ಟರಲ್ಲಿ ಎಲ್ಲೂ ಸದ್ದಿನ ಜೋರಿನ ಮಾತು ಬರಲಿಲ್ಲ ಎಂಬುದನ್ನು ಗಮನಿಸಿ. ಮೈಗೆ ಬೇಕಿರುವುದು ಲಯ. ಜೋರು ಸದ್ದು ಮಾಡುವುದು ಹಾನಿಯನ್ನೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧವಾಗುತ್ತ ಹೋಗುತ್ತದೆ. ಹಾಗೆ ಲೆಕ್ಕ ಹಾಕಿದರೆ 101 ಡೆಸಿಬೆಲ್‌ನಲ್ಲಿ ಉಳಿಯುವುದು ವಾರಕ್ಕೆ ಇಪ್ಪತ್ತು ನಿಮಿಷವೂ ಇಲ್ಲ, ತಾಶಾದ ಮಗ್ಗುಲಲ್ಲಿ ಅಷ್ಟು ಸದ್ದು ಅಪರೂಪವೇನಲ್ಲ. ಲೋಕಲ್‌ನ ಗದ್ದಲ ಮೀರಲು ಇಯರ್‌ಫೋನಿನ ವಾಲ್ಯೂಮ್ ಏರಿಸುವವರದ್ದೂ ಇದೇ ಕಥೆ. ಜೋರು ಸದ್ದಿಗೆ ಸಾಯುವುದು ಕೂದಲುಕೋಶಗಳು; ಒಂದೊಂದು ಕಿವಿಯಲ್ಲಿ ಅವು ಇರುವುದು ಹದಿನೈದು ಸಾವಿರದಷ್ಟು. ಕೋಳಿಗೆ ಅವು ಸತ್ತರೆ ಮತ್ತೆ ಹುಟ್ಟುತ್ತವೆ, ನಮಗೆ ಹುಟ್ಟುವುದಿಲ್ಲ.

ಲೇಜಿಮ್ ಕಲಿಯುವವರು ‘ಚಾರ್ ಆವಾಜ್’ನಿಂದ ಆರಂಭಿಸಿ: ನಾಲ್ಕು ಎಣಿಕೆ, ನಾಲ್ಕು ಸದ್ದು, ನಿಂತಲ್ಲೇ. ಮುಂದಿನ ಪಾಠಗಳಲ್ಲಿ ಜಿಗಿತ, ಬೈಠಕ್ ಬರುತ್ತವೆ. ಮೊಣಕಾಲು ನೋವಿದ್ದವರು ಅವನ್ನು ಬಿಡಿ. ಭುಜಕ್ಕೆ ಪೆಟ್ಟಾಗಿದ್ದರೆ ಮೊದಲು ವೈದ್ಯರನ್ನು ಕೇಳಿ. ಮೆರವಣಿಗೆಯಲ್ಲಿ ತಾಶಾದವರ ಪಕ್ಕ ನಿಲ್ಲಬೇಕಾಗಿ ಬಂದರೆ ಕಿವಿಗೆ ಮೆತ್ತನೆಯ ಇಯರ್‌ಪ್ಲಗ್ ಇರಲಿ, ಲೇಜಿಮ್ಮಿನ ಝಲ್ ಅದರೊಳಗೂ ಕೇಳುತ್ತದೆ. ಉತ್ತರ ಕರ್ನಾಟಕದ ಎಷ್ಟೋ ಶಾಲೆಗಳ ಆಟದ ಸಾಮಾನಿನ ಕೋಣೆಯಲ್ಲಿ ಲೇಜಿಮ್‌ಗಳು ತುಕ್ಕು ಹಿಡಿದು ಬಿದ್ದಿವೆ. ಮಾಸ್ತರರೇ, ಬಿಲ್ಲೆಗಳಿಗೆ ಒಂದಿಷ್ಟು ಎಣ್ಣೆ ಹಚ್ಚಿ ಹೊರಗೆ ತನ್ನಿ.