ಮಾಡಿದವರೂ ಜೊತೆಗೇ ಕೂತು ಉಣ್ಣುವ ವಿಯೆಟ್ನಾಂ ಶಾವಿಗೆ

ಭಾನುವಾರ ಬೆಳಿಗ್ಗೆ ನಿಮ್ಮ ಮನೇಲಿ ದೋಸೆ ಅಂತಿಟ್ಟುಕೊಳ್ಳಿ. ಮಗನಿಗೆ ಗರಿಗರಿಯಾದದ್ದು, ಮಾವನವರಿಗೆ ಮೆತ್ತಗಿನದು, ಯಜಮಾನರಿಗೆ ಈರುಳ್ಳಿ ಹಾಕಿದ್ದು. ಒಂದೊಂದಾಗಿ ಹುಯ್ದು ಎಲ್ಲರ ತಟ್ಟೆಗೂ ಬಿಸಿಬಿಸಿ ಬಡಿಸಿ, ಕೊನೆಗೆ ನೀವು ಕೂರುವ ಹೊತ್ತಿಗೆ ಅವರೆಲ್ಲ ಕೈ ತೊಳೆದು ಟಿವಿ ಮುಂದೆ ಸೇರಿರುತ್ತಾರೆ. ಚಪಾತಿಯದೂ ಇದೇ ಕಥೆ, ಪೂರಿಯದೂ ಇದೇ ಕಥೆ. 'ನೀನೂ ಬಾರೇ, ಜೊತೆಗೇ ಕೂತ್ಕೋ' ಅಂತ ಬಾಯಿಮಾತಿಗೆ ಕರೀತಾರೆ. ಆದರೆ ಒಲೆ ಮುಂದೆ ಯಾರು ನಿಲ್ತಾರೆ ಹೇಳಿ?

ಅದಕ್ಕೇ ಇವತ್ತು ನಿಮಗೆ ದೂರದೇಶದ ಒಂದು ಅಡುಗೆ ಪರಿಚಯಿಸುತ್ತಿದ್ದೇನೆ. ಇದರಲ್ಲಿ ಶಾವಿಗೆ ಬಿಸಿ ಇರಬೇಕಿಲ್ಲ. ಸೊಪ್ಪು ಹಸಿಯದು. ಉಪ್ಪಿನಕಾಯಿ, ಸಾಸ್ ಎಲ್ಲಾ ಮೊದಲೇ ತಯಾರು. ಬಿಸಿಯಾಗಿರಬೇಕಾದದ್ದು ಮಾಂಸ ಒಂದೇ. ಅದನ್ನೂ ಒಂದೇ ಸಲಕ್ಕೆ ಸುಟ್ಟು ಮೇಜಿನ ಮಧ್ಯೆ ಇಟ್ಟುಬಿಟ್ಟರೆ ಅವರವರ ಬಟ್ಟಲು ಅವರವರೇ ಕಲಸಿಕೊಳ್ಳುತ್ತಾರೆ. ನೀವೂ ಕೂರಬಹುದು, ಅದೂ ಎಲ್ಲರ ಜೊತೆಗೆ!

ಏನಿದು?

ವಿಯೆಟ್ನಾಮಿನಲ್ಲಿ ಇದಕ್ಕೆ 'ಬುನ್ ತಿತ್ ನೂಂಗ್' ಅಂತಾರೆ. ಬುನ್ ಅಂದರೆ ಅಕ್ಕಿ ಶಾವಿಗೆ, ತಿತ್ ಅಂದರೆ ಮಾಂಸ, ನೂಂಗ್ ಅಂದರೆ ಕೆಂಡದ ಮೇಲೆ ಸುಟ್ಟದ್ದು. ಆ ದೇಶದ ಮಧ್ಯಭಾಗ ಮತ್ತು ದಕ್ಷಿಣದಲ್ಲಿ ಇದು ಮನೆಮನೆಯ, ಬೀದಿಬೀದಿಯ ಊಟ. ಉತ್ತರದ ಹನೋಯ್ ನಗರದಲ್ಲಿ ಇದರ ಅಕ್ಕ 'ಬುನ್ ಚಾ' ಇದೆ. ಅಲ್ಲಿ ಸುಟ್ಟ ಮಾಂಸವನ್ನು ಬೆಚ್ಚಗಿನ ತೆಳು ಸಾಸಿನಲ್ಲಿ ಮುಳುಗಿಸಿ, ಶಾವಿಗೆ ಮತ್ತು ಸೊಪ್ಪನ್ನು ಬೇರೆ ತಟ್ಟೆಯಲ್ಲಿ ಕೊಡುತ್ತಾರೆ. ಆ ಸಾಸಿನೊಳಗೆ ತೇಲುವ ತುಣುಕುಗಳು ಯಾವುದು ಗೊತ್ತೇ? ನಮ್ಮ ಪರಂಗಿಕಾಯಿ, ಇಲ್ಲವೇ ನವಿಲುಕೋಸು!

2016ರ ಮೇ ತಿಂಗಳಲ್ಲಿ ಅಮೆರಿಕದ ಆಗಿನ ಅಧ್ಯಕ್ಷ ಬರಾಕ್ ಒಬಾಮಾ ಅವರು ಹನೋಯ್‌ನ ಒಂದು ಸಾದಾ ಹೋಟೆಲಿನಲ್ಲಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಬುನ್ ಚಾ ತಿಂದಿದ್ದರು. ಜೊತೆಗಿದ್ದವರು ಟಿವಿ ಕಾರ್ಯಕ್ರಮದ ಬಾಣಸಿಗ ಆಂಥೋನಿ ಬೋರ್ಡೆನ್. ಬಿಲ್ ಆದದ್ದು ಆರು ಡಾಲರ್ ಅಷ್ಟೇ. ದೊಡ್ಡವರೂ ಸ್ಟೂಲ್ ಮೇಲೆ ಕೂತು ತಿನ್ನುವ ಊಟ ಇದು. ಆಡಂಬರ ಏನೂ ಇಲ್ಲ.

ಶಾವಿಗೆ ಜೊತೆ ಹಂದಿ ಮಾಂಸ ನಮಗೂ ತೀರಾ ಹೊಸದಲ್ಲ. ಕೊಡಗಿನ ಮನೆಗಳಲ್ಲಿ ನೂಪುಟ್ಟು ಅಂದರೆ ಒತ್ತು ಶಾವಿಗೆಯೇ ತಾನೆ? ಅದನ್ನು ಪಂದಿ ಕರಿ ಜೊತೆ ತಿನ್ನುವವರಿಗೆ ಇದು ದೂರದ ನೆಂಟರ ಮನೆ ಊಟದಂತೆ ಅನಿಸಬಹುದು. ವ್ಯತ್ಯಾಸ ಇರುವುದು ಮಸಾಲೆಯಲ್ಲಿ. ಇಲ್ಲಿ ದನಿಯಾ ಇಲ್ಲ, ಜೀರಿಗೆ ಇಲ್ಲ, ಖಾರದ ಪುಡಿ ಇಲ್ಲ. 'ಸ್ವಲ್ಪ ಗರಂ ಮಸಾಲೆ ಉದುರಿಸಿಬಿಡೋಣ' ಅಂತ ಕೈ ತಾನಾಗಿ ಡಬ್ಬಿಗೆ ಹೋಗುತ್ತೆ. ದಯವಿಟ್ಟು ತಡೆದುಕೊಳ್ಳಿ!

ನಾಲ್ಕು ಜನಕ್ಕೆ ಬೇಕಾಗುವ ಸಾಮಗ್ರಿ

ಮಾಂಸಕ್ಕೆ: ಭುಜದ ಭಾಗದ ಪೋರ್ಕ್ 600 ಗ್ರಾಂ (ಸ್ವಲ್ಪ ಕೊಬ್ಬು ಇರಲಿ, ಇಲ್ಲವಾದರೆ ಒಣಗುತ್ತೆ), ಮಜ್ಜಿಗೆ ಹುಲ್ಲಿನ ಬುಡ 2, ಸಾಂಬಾರ್ ಈರುಳ್ಳಿ 6, ಬೆಳ್ಳುಳ್ಳಿ 6 ಎಸಳು, ಫಿಶ್ ಸಾಸ್ 2 ದೊಡ್ಡ ಚಮಚ, ಸಕ್ಕರೆ 2 ದೊಡ್ಡ ಚಮಚ, ಕರಿಮೆಣಸಿನ ಪುಡಿ 1 ಟೀ ಚಮಚ, ಎಣ್ಣೆ 1 ದೊಡ್ಡ ಚಮಚ.

ಸಾಸಿಗೆ: ಬೆಚ್ಚಗಿನ ನೀರು 12 ದೊಡ್ಡ ಚಮಚ, ಸಕ್ಕರೆ, ನಿಂಬೆರಸ, ಫಿಶ್ ಸಾಸ್ ತಲಾ 3 ದೊಡ್ಡ ಚಮಚ, ಬೆಳ್ಳುಳ್ಳಿ 2 ಎಸಳು, ಹಸಿಮೆಣಸಿನಕಾಯಿ 1 ಅಥವಾ 2.

ಉಪ್ಪಿನಕಾಯಿಗೆ: ಕ್ಯಾರೆಟ್ 1, ಮೂಲಂಗಿ 1, ಉಪ್ಪು ಅರ್ಧ ಟೀ ಚಮಚ, ವಿನೆಗರ್ ಅರ್ಧ ಕಪ್, ನೀರು ಅರ್ಧ ಕಪ್, ಸಕ್ಕರೆ 3 ದೊಡ್ಡ ಚಮಚ.

ಬಟ್ಟಲಿಗೆ: ಒಣ ಅಕ್ಕಿ ಶಾವಿಗೆ 300 ಗ್ರಾಂ, ಸೌತೆಕಾಯಿ 1, ಲೆಟ್ಯೂಸ್, ಪುದೀನ, ಕೊತ್ತಂಬರಿ ಸೊಪ್ಪು, ಹುರಿದು ತರಿತರಿಯಾಗಿ ಕುಟ್ಟಿದ ಕಡಲೆಕಾಯಿ ಬೀಜ ಅರ್ಧ ಕಪ್, ಈರುಳ್ಳಿ ಸೊಪ್ಪು 5 ದಂಟು, ಎಣ್ಣೆ 4 ದೊಡ್ಡ ಚಮಚ.

ಪಟ್ಟಿ ನೋಡಿ ಗಾಬರಿಯಾಗಬೇಡಿ. ಫಿಶ್ ಸಾಸ್ ಒಂದು ಬಿಟ್ಟರೆ ಉಳಿದದ್ದೆಲ್ಲ ಮಾರ್ಕೆಟ್ಟಿನಲ್ಲಿ ಸಿಗುವಂಥದ್ದೇ. ಮಜ್ಜಿಗೆ ಹುಲ್ಲು ಎಷ್ಟೋ ಮನೆಗಳ ಕುಂಡದಲ್ಲೇ ಇರುತ್ತೆ. ನಾವು ಎಲೆಯನ್ನು ಟೀಗೆ, ಮಜ್ಜಿಗೆಗೆ ಹಾಕುತ್ತೇವೆ. ಇಲ್ಲಿ ಬೇಕಿರುವುದು ಬುಡದ ದಪ್ಪಗಿನ ಬಿಳಿ ಭಾಗ. ಹೊರಗಿನ ಗಟ್ಟಿ ಪದರ ತೆಗೆದು, ಆದಷ್ಟೂ ಸಣ್ಣಗೆ ಹೆಚ್ಚಿ. ದಪ್ಪ ಉಳಿದರೆ ಹಲ್ಲಿಗೆ ನಾರು ಸಿಗುತ್ತೆ. ಇನ್ನು ಕಾಮಕಸ್ತೂರಿ ಗಿಡ ಇದ್ದರೆ ನಾಲ್ಕು ಎಲೆ ಸೇರಿಸಿ, ಬಟ್ಟಲಿನ ಘಮವೇ ಬೇರೆ.

ಹಿಂದಿನ ರಾತ್ರಿಯ ಕೆಲಸ

ಮಾಂಸವನ್ನು ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು ಸ್ವಲ್ಪ ಬಿಗಿಯಾದ ಮೇಲೆ ಕತ್ತರಿಸಿ. ಆಗ ಚಾಕು ಜಾರುವುದಿಲ್ಲ. ನಾರಿಗೆ ಅಡ್ಡವಾಗಿ, ಎರಡು ರೂಪಾಯಿ ನಾಣ್ಯ ಎರಡು ಜೋಡಿಸಿದಷ್ಟೇ ದಪ್ಪದ ಹೋಳು ಸಾಕು. ಮಜ್ಜಿಗೆ ಹುಲ್ಲು, ಈರುಳ್ಳಿ, ಬೆಳ್ಳುಳ್ಳಿಯನ್ನು ಕುಟ್ಟಿ, ಉಳಿದ ಸಾಮಗ್ರಿಯೊಂದಿಗೆ ಮಾಂಸಕ್ಕೆ ಕಲಸಿ, ಮುಚ್ಚಿ ಫ್ರಿಜ್‌ನ ಕೆಳಗಿನ ತಟ್ಟಿನಲ್ಲಿಡಿ. ಮೇಲಿಟ್ಟರೆ ಅದರ ನೀರು ಕೆಳಗಿನ ಹಾಲು, ತರಕಾರಿಗೆ ತೊಟ್ಟಿಕ್ಕಬಹುದು. ನಿಂಬೆರಸ ಈಗಲೇ ಹಾಕಬೇಡಿ, ರಾತ್ರಿಯಿಡೀ ಹುಳಿಯಲ್ಲಿ ನೆಂದರೆ ಮಾಂಸ ಹಿಟ್ಟುಹಿಟ್ಟಾಗುತ್ತೆ.

ಕ್ಯಾರೆಟ್, ಮೂಲಂಗಿಯನ್ನು ಉದ್ದಕ್ಕೆ ಸಣ್ಣಗೆ ಹೆಚ್ಚಿ, ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು ಹಿಂಡಿ. ವಿನೆಗರ್, ನೀರು, ಸಕ್ಕರೆ ಕದಡಿ ಅದರಲ್ಲಿ ಮುಳುಗಿಸಿಡಿ. ಬೆಳಿಗ್ಗೆಗೆ ಸಿಹಿಹುಳಿ ಉಪ್ಪಿನಕಾಯಿ ರೆಡಿ!

ಪಾನಕ ಬೆರೆಸಿ, ಆಮೇಲೆ ಮೀನಿನ ಸಾಸ್

ಈ ಅಡುಗೆಯ ಜೀವ ಇರುವುದು ಸಾಸಿನಲ್ಲಿ. ವಿಯೆಟ್ನಾಮಿನ ಫಿಶ್ ಸಾಸಿಗೆ 'ನೂಕ್ ಮಾಮ್' ಎಂದು ಹೆಸರು. ನೆತ್ತಿಲಿಯಂಥ ಪುಟ್ಟ ಮೀನನ್ನು ಉಪ್ಪಿನ ಜೊತೆ ಪದರ ಪದರವಾಗಿ ತುಂಬಿ, ಸುಮಾರು ಒಂದು ವರ್ಷ ಮಾಗಿಸಿ ಸೋಸಿದ ರಸ ಅದು. ಫು ಕ್ವೋಕ್ ದ್ವೀಪದ ಸಾಸ್ ಹೆಸರುವಾಸಿ. ಸೀಸೆ ತೆರೆದಾಗ ಬರುವ ವಾಸನೆಗೆ ಮೂಗು ಮುಚ್ಚಿಕೊಂಡು 'ಇದು ಕೆಟ್ಟಿದೆ' ಅಂತ ಎಸೆಯಬೇಡಿ. ಒಣಮೀನಿನಂತೆಯೇ, ಅಡುಗೆಗೆ ಸೇರಿದ ಮೇಲೆ ಅದು ರುಚಿಯಾಗಿ ಮಾರ್ಪಡುತ್ತೆ.

ನಾನು ಮೊದಲ ಸಲ ಮಾಡಿದಾಗ ಸೀಸೆಯಿಂದ ನೇರವಾಗಿ ಶಾವಿಗೆ ಮೇಲೆ ಸುರಿದುಬಿಟ್ಟಿದ್ದೆ. ಉಪ್ಪೋ ಉಪ್ಪು! ಮಕ್ಕಳು ಒಂದು ತುತ್ತಿಗೇ ನೀರು ಕೇಳಿದರು. ಆಮೇಲೆ ಗೊತ್ತಾಯಿತು, ಅಲ್ಲಿಯವರೂ ಹಾಗೆ ಸುರಿಯುವುದಿಲ್ಲ. ನೀರು, ಸಕ್ಕರೆ, ನಿಂಬೆಹುಳಿ ಸೇರಿಸಿ ತೆಳುಮಾಡಿ 'ನೂಕ್ ಚಾಮ್' ಮಾಡಿಕೊಳ್ಳುತ್ತಾರೆ.

ಸುಲಭ ಉಪಾಯ ಹೇಳ್ತೀನಿ ಕೇಳಿ. ಮೊದಲು ಬೆಚ್ಚಗಿನ ನೀರಲ್ಲಿ ಸಕ್ಕರೆ ಕರಗಿಸಿ ನಿಂಬೆರಸ ಬೆರೆಸಿ. ರುಚಿ ನೋಡಿ, ಒಳ್ಳೆ ನಿಂಬೆ ಪಾನಕದಂತೆ ಇರಬೇಕು. ಪಾನಕ ಸರಿಯಾದ ಮೇಲಷ್ಟೇ ಫಿಶ್ ಸಾಸನ್ನು ಚಮಚ ಚಮಚವಾಗಿ ಹಾಕುತ್ತಾ ಬನ್ನಿ. ಕೊನೆಗೆ ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿ, ಮೆಣಸಿನಕಾಯಿ. ಬರೀ ಸಾಸನ್ನು ನೆಕ್ಕಿದಾಗ ಒಂಚೂರು ಜೋರು ಅನಿಸಬೇಕು. ಸಪ್ಪೆ ಶಾವಿಗೆಗೆ ಬೆರೆತಾಗ ಸರಿಹೋಗುತ್ತೆ.

ಶಾವಿಗೆ ಮತ್ತು ಸುಡುವ ಕೆಲಸ

ಶಾವಿಗೆಯನ್ನು ಕುದಿಯುವ ನೀರಿಗೆ ಹಾಕಿ, ಪ್ಯಾಕೆಟ್ಟಿನ ಮೇಲೆ ಹೇಳಿದಷ್ಟು ಹೊತ್ತು ಬೇಯಿಸಿ. ಕೂಡಲೇ ತೂತಿನ ಪಾತ್ರೆಗೆ ಬಸಿದು, ಗಂಜಿ ಹೋಗುವ ತನಕ ತಣ್ಣೀರಲ್ಲಿ ತೊಳೆಯಿರಿ. ಈ ತೊಳೆಯುವ ಹಂತ ಬಿಟ್ಟರೆ ಶಾವಿಗೆ ಮುದ್ದೆಯಾಗುತ್ತೆ. ಮನೆಯಲ್ಲೇ ಒತ್ತಿದ ಶಾವಿಗೆಯನ್ನೂ ಆರಿಸಿ ಬಳಸಬಹುದು.

ಅಲ್ಲಿ ಮಾಂಸವನ್ನು ತಂತಿ ಜಾಲರಿಯಲ್ಲಿ ಸಿಕ್ಕಿಸಿ ಇದ್ದಿಲ ಕೆಂಡದ ಮೇಲೆ ಸುಡುತ್ತಾರೆ. ನಮ್ಮ ಫ್ಲ್ಯಾಟುಗಳಲ್ಲಿ ಅದು ಕಷ್ಟ. ಮುಚ್ಚಿದ ಅಡುಗೆಮನೆಯಲ್ಲಂತೂ ಇದ್ದಿಲು ಉರಿಸಲೇಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆದರೆ ಪ್ರಾಣ ತೆಗೆಯುವ ವಿಷ. ಕಬ್ಬಿಣದ ದೋಸೆ ಕಾವಲಿ ಇದೆಯಲ್ಲ, ಅದೇ ಸಾಕು. ಚೆನ್ನಾಗಿ ಕಾಯಿಸಿ, ಎಣ್ಣೆ ಸವರಿ, ಮಾಂಸಕ್ಕೆ ಅಂಟಿದ ಮಸಾಲೆ ಕೊಂಚ ಕೊಡವಿ, ಒಂದಕ್ಕೊಂದು ತಾಗದಂತೆ ಹರಡಿ. ಎಲ್ಲಾ ಒಟ್ಟಿಗೆ ಸುರಿದರೆ ನೀರು ಬಿಟ್ಟು ಬೇಯುತ್ತದೆಯೇ ಹೊರತು ಸುಡುವುದಿಲ್ಲ. ಒಂದೊಂದು ಬದಿಗೆ ಎರಡು ಮೂರು ನಿಮಿಷ. ಸಕ್ಕರೆ ಇರುವುದರಿಂದ ಬೇಗ ಕಪ್ಪಾಗುತ್ತೆ, ಉರಿ ಮಧ್ಯಮಕ್ಕೆ ಇಳಿಸಿಕೊಳ್ಳಿ. ಅಂಚು ಮಾತ್ರ ಕರಿದಾದರೆ ಚೆಂದ, ಪೂರ್ತಿ ಕರಕಲಾದರೆ ಕಹಿ.

ಕೊನೆಗೆ ಎಣ್ಣೆ ಕಾಯಿಸಿ, ಹೆಚ್ಚಿಟ್ಟ ಈರುಳ್ಳಿ ಸೊಪ್ಪಿನ ಮೇಲೆ ಚುಂಯ್ ಎನ್ನುವಂತೆ ಸುರಿಯಿರಿ. ನಮ್ಮ ಒಗ್ಗರಣೆ ಇದ್ದ ಹಾಗೆ!

ಬಟ್ಟಲ ತಳಕ್ಕೆ ಸೊಪ್ಪು, ಸೌತೆಕಾಯಿ. ಮೇಲೆ ಶಾವಿಗೆ, ಅದರ ಮೇಲೆ ಮಾಂಸ, ಪಕ್ಕದಲ್ಲಿ ಉಪ್ಪಿನಕಾಯಿ. ಈರುಳ್ಳಿ ಸೊಪ್ಪಿನ ಎಣ್ಣೆ, ಕಡಲೆಕಾಯಿ ಬೀಜ ಉದುರಿಸಿ. ಸಾಸ್ ಅವರವರೇ ಹಾಕಿಕೊಂಡು, ತಳದಿಂದ ಮೇಲಕ್ಕೆ ಕಲಸಿ ತಿನ್ನಲಿ.

ಹುಳುವಿನ ಭಯ: ನಿಜ ಎಷ್ಟು?

'ಹಂದಿ ಮಾಂಸ ತಿಂದ್ರೆ ತಲೆಗೆ ಹುಳ ಹತ್ತುತ್ತಂತೆ' ಎಂಬ ಮಾತು ನೀವೂ ಕೇಳಿರುತ್ತೀರಿ. ಇದನ್ನು ಸರಿಯಾಗಿ ತಿಳಿದುಕೊಳ್ಳಲೇಬೇಕು. ಹುಳುವಿನ ಗೂಡುಗಳಿರುವ ಮಾಂಸವನ್ನು ಅರೆಬೆಂದಂತೆ ತಿಂದರೆ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಆದರೆ ಮಿದುಳಿಗೆ ಹೋಗಿ ಫಿಟ್ಸ್ ತರುವ ಕಾಯಿಲೆ, ಅಂದರೆ ನ್ಯೂರೋಸಿಸ್ಟಿಸರ್ಕೋಸಿಸ್, ಬರುವುದು ಆ ಹುಳುವಿನ ಮೊಟ್ಟೆ ನಮ್ಮ ಹೊಟ್ಟೆಗೆ ಹೋದಾಗ. ಲಾಡಿಹುಳು ಇರುವ ವ್ಯಕ್ತಿಯ ಮಲದಿಂದ ಮೊಟ್ಟೆಗಳು ಹೊರಬಂದು, ಕೊಳಕು ನೀರು, ತೊಳೆಯದ ಕೈ, ತೊಳೆಯದ ಸೊಪ್ಪಿನ ಮೂಲಕ ಇನ್ನೊಬ್ಬರಿಗೆ ದಾಟುತ್ತವೆ. ಹಾಗಾಗಿಯೇ ಜನ್ಮದಲ್ಲಿ ಮಾಂಸ ಮುಟ್ಟದವರಿಗೂ ಇದು ಬರಬಹುದು.

ಆದ್ದರಿಂದ ಈ ಬಟ್ಟಲಿನಲ್ಲಿ ನಿಮ್ಮ ಕಣ್ಣು ಎರಡು ಕಡೆ ಇರಲಿ. ಒಂದು, ಮಾಂಸ ಪೂರ್ತಿ ಬೇಯಬೇಕು. ಅತಿ ದಪ್ಪದ ಹೋಳನ್ನು ಕತ್ತರಿಸಿ ನೋಡಿ. ಒಳಗೆ ಹಸಿ ಗುಲಾಬಿ ಬಣ್ಣ ಕಂಡರೆ ಮತ್ತೆ ಕಾವಲಿಗೆ ಹಾಕಿ. ತೆಳುವಾಗಿ ಹೆಚ್ಚಿದ್ದರೆ ಈ ಚಿಂತೆ ಅರ್ಧ ಕಡಿಮೆ. ಎರಡು, ಹಸಿ ಸೊಪ್ಪು. ಬುಡ ಕತ್ತರಿಸಿ, ಎಲೆ ಎಲೆ ಬಿಡಿಸಿ, ಹರಿಯುವ ನೀರಿನಲ್ಲಿ ಬೆರಳಿಂದ ತಿಕ್ಕಿ ತೊಳೆಯಿರಿ. ಉಪ್ಪುನೀರಲ್ಲಿ ಅದ್ದಿ ತೆಗೆದರೆ ಸಾಕು ಅಂದುಕೊಳ್ಳಬೇಡಿ. ನೀರಿನ ಬಗ್ಗೆ, ಸೊಪ್ಪಿನ ಬಗ್ಗೆ ಅನುಮಾನ ಇದ್ದರೆ ಹಸಿಯದನ್ನು ಬಿಟ್ಟು, ಬೀನ್ಸ್, ಎಲೆಕೋಸನ್ನು ಸಣ್ಣಗೆ ಹೆಚ್ಚಿ ಬೇಯಿಸಿ ಹಾಕಿ. ಹಸಿ ಮಾಂಸ ಹೆಚ್ಚಿದ ಮಣೆ, ಚಾಕು ಸೋಪಿನಲ್ಲಿ ತೊಳೆಯದೆ ಸೌತೆಕಾಯಿ ಮುಟ್ಟಿಸಲೇಬೇಡಿ. ಮಾಂಸ ನೆನೆದ ರಸವನ್ನು ಸಾಸಿಗೆ ಬೆರೆಸಬೇಡಿ.

ಪೋರ್ಕ್ ತಿನ್ನದವರಿಗೆ?

ಅದೇ ಮಸಾಲೆಯಲ್ಲಿ ಕೋಳಿ ತೊಡೆ ಮಾಂಸ ನೆನೆಸಿ, ಬೇರೆ ಕಾವಲಿಯಲ್ಲಿ ಮಾಡಿ. ಅದೂ ಒಳಗೆಲ್ಲ ಪೂರ್ತಿ ಬೇಯಲಿ. ಮನೆಯಲ್ಲಿ ಸಸ್ಯಾಹಾರಿಗಳಿದ್ದರೆ ಅಣಬೆ ಅಥವಾ ತೋಫು ಇದೆ, ಫಿಶ್ ಸಾಸಿನ ಬದಲು ಸೋಯಾ ಸಾಸ್. ಇದೇನೂ ನಾವು ಮಾಡಿಕೊಂಡ ಅಡ್ಜಸ್ಟ್‌ಮೆಂಟ್ ಅಲ್ಲ. ವಿಯೆಟ್ನಾಮಿನಲ್ಲೂ ಅನೇಕ ಬೌದ್ಧರು ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಮಾಂಸ ಬಿಡುತ್ತಾರೆ. ಅಂಥ ಊಟಕ್ಕೆ 'ಚಾಯ್' ಅಂತ ಹೆಸರು. ಶಾವಿಗೆ, ಸೊಪ್ಪು, ಉಪ್ಪಿನಕಾಯಿ ಎಲ್ಲರಿಗೂ ಒಂದೇ. ಮೇಲಿನ ಹೋಳು ಮಾತ್ರ ಬೇರೆ. ಎರಡೆರಡು ಅಡುಗೆ ಮಾಡುವ ತಾಪತ್ರಯ ಇಲ್ಲ.

ನೆನಪಿಡಿ

* ಹಿಂದಿನ ರಾತ್ರಿ: ಮಾಂಸ ನೆನೆಸುವುದು, ಉಪ್ಪಿನಕಾಯಿ.
* ಬೆಳಿಗ್ಗೆ: ಸಾಸ್, ಕಡಲೆಕಾಯಿ ಬೀಜ, ಸೊಪ್ಪು ತೊಳೆಯುವುದು.
* ಊಟಕ್ಕೆ ಅರ್ಧ ಗಂಟೆ ಮೊದಲು: ಶಾವಿಗೆ.
* ಕೊನೆಯ ಕಾಲು ಗಂಟೆ: ಮಾಂಸ ಸುಡುವುದು.
* ಫಿಶ್ ಸಾಸಿನಲ್ಲಿ ಉಪ್ಪು ಬಹಳ. ಬಿಪಿ ಇರುವವರು ಬಟ್ಟಲಿಗೆ ಎರಡು ಚಮಚದಷ್ಟೇ ಹಾಕಿಕೊಳ್ಳಲಿ.
* ಕಡಲೆಕಾಯಿ ಅಲರ್ಜಿ ಇರುವವರಿದ್ದರೆ ಅದನ್ನು ಬಿಟ್ಟೇ ಮಾಡಿ. ರುಚಿಗೇನೂ ಮೋಸವಿಲ್ಲ.

ಮಾಂಸದ ತಟ್ಟೆ ಮೇಜಿಗೆ ಬಂದ ಕೂಡಲೇ ಒಂದು ಕೆಲಸ ಮಾಡಿ. ಒಲೆ ಆರಿಸಿ. ಕೈ ತೊಳೆದು, ನಿಮ್ಮ ಬಟ್ಟಲನ್ನೂ ಎಲ್ಲರ ಜೊತೆಗೇ ಇಟ್ಟುಕೊಂಡು ಕುರ್ಚಿ ಎಳೆದುಕೊಳ್ಳಿ. 'ಅಮ್ಮಾ, ಸ್ವಲ್ಪ ಸಾಸ್' ಅಂತ ಮಗ ಕೂಗಿದರೆ ಏಳಬೇಡಿ, ಅದು ಅವನ ಎದುರಿಗೇ ಇರುತ್ತೆ! ನಿಮ್ಮ ತಟ್ಟೆಯ ಮಾಂಸವೂ ಬಿಸಿಯಾಗಿರುವಾಗಲೇ ಮೊದಲ ತುತ್ತು ತಿಂದು ನೋಡಿ. ರುಚಿ ಆಮೇಲೆ ಹೇಳುವಿರಂತೆ!