ಪಿರೊಟೈಟಿನ ಘಟಕಭೇದವೂ ಕಾಂತಕ್ರಮವೂ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲುದಾರಿಯ ಬಳಿಯ ಕೋಲಾರದ ಚಿನ್ನದ ಗಣಿಗಳು ಚಾಂಪಿಯನ್ ಎಂಬ ಅದಿರುಪಟ್ಟಿಯಿಂದ ಪ್ರಸಿದ್ಧಿ ಪಡೆದುವು. ಅಲ್ಲಿ ಚಿನ್ನವು ಬೆಣಚುಕಲ್ಲಿನೊಳಗೆ ಅಡಗಿದ್ದಿತು. ಅದರ ಪಶ್ಚಿಮಕ್ಕಿರುವ ಓರಿಯೆಂಟಲ್, ಮೆಕ್‌ಟ್ಯಾಗರ್ಟ್ ಪಟ್ಟಿಗಳಲ್ಲಾದರೋ ಚಿನ್ನದೊಡನೆ ಗಂಧಕಯುಕ್ತ ಖನಿಜಗಳು ಸೇರಿವೆ. ಕಬ್ಬಿಣವೂ ಗಂಧಕವೂ ಕೂಡಿದ ಪಿರೊಟೈಟ್ ಅವುಗಳಲ್ಲೊಂದು. ಚಿನ್ನವನ್ನು ಸೂಜಿಗಲ್ಲು ಸೆಳೆಯದು. ಪಿರೊಟೈಟಿನಲ್ಲಿ ಸೆಳೆಯುವ ಜಾತಿಯೂ ಉಂಟು, ಸೆಳೆಯದ ಜಾತಿಯೂ ಉಂಟು. ಒಂದೇ ಹೆಸರಿನ ಖನಿಜದಲ್ಲಿ ಈ ಭೇದವುಂಟಾಗುವುದು ಹೇಗೆ?

ಕಬ್ಬಿಣದ ಪ್ರತಿಯೊಂದು ಪರಮಾಣುವೂ ಒಂದು ಕಿರಿಯ ಅಯಸ್ಕಾಂತದಂತಿದೆ. ಕಬ್ಬಿಣ ಗಂಧಕಗಳು ಸಮಸಂಖ್ಯೆಯಲ್ಲಿ ಕೂಡಿದಾಗ, ಕಬ್ಬಿಣದ ಒಂದು ಪದರದ ಪರಮಾಣುಗಳೆಲ್ಲ ಒಂದೇ ದಿಕ್ಕಿಗೂ ಮುಂದಿನ ಪದರದವು ಅದಕ್ಕೆ ವಿರುದ್ಧವಾಗಿಯೂ ಮುಖಮಾಡುವುದರಿಂದ ಒಟ್ಟು ಬಲವು ಶೂನ್ಯವಾಗುತ್ತದೆ. ಪಿರೊಟೈಟಿನಲ್ಲಿ ಕಬ್ಬಿಣಕ್ಕೆ ಕೊರತೆಯುಂಟು. ೮ ಗಂಧಕಕ್ಕೆ ೭ ಕಬ್ಬಿಣವಿರುವ ಜಾತಿಯಲ್ಲಿ ೮ ನೆಲೆಗಳಲ್ಲಿ ೧ ಬರಿದು. ಈ ಬರಿದು ನೆಲೆಗಳು ಒಂದು ಬಿಟ್ಟು ಒಂದು ಪದರದಲ್ಲಿ ಮಾತ್ರ ಸೇರುತ್ತವೆ. ಆ ಪದರಗಳಲ್ಲಿ ೪ರಲ್ಲಿ ೧ ನೆಲೆಯು ಬರಿದಾಗಿರುತ್ತದೆ. ತಕ್ಕಡಿಯ ಒಂದು ತಟ್ಟೆ ಹಗುರವಾದಂತೆ ತುಂಬಿದ ಪದರಗಳ ಬಲವು ಮೇಲಾಗುತ್ತದೆ. ಉಳಿದ ಬಲವೇ ಕಾಂತಗುಣ. ಇಂತಹ ಅಸಮ ಪ್ರತಿಮುಖ ಕ್ರಮದ ಸಿದ್ಧಾಂತವನ್ನು ಫ್ರಾನ್ಸಿನ ಲೂಯಿ ನೆಯೆಲ್ ೧೯೪೮ರಲ್ಲಿ ಪ್ರಕಟಿಸಿದರು. ಕಬ್ಬಿಣದ ಕೊರತೆ ಇದಕ್ಕಿಂತ ಕಡಿಮೆಯಾದ ಜಾತಿಗಳಲ್ಲಿ ಬರಿದು ನೆಲೆಗಳು ಎರಡು ಬಗೆಯ ಪದರಗಳಿಗೂ ಸಮನಾಗಿ ಹಂಚಿಹೋಗುವುದರಿಂದ ಸಾಧಾರಣ ಉಷ್ಣತೆಯಲ್ಲಿ ಕಾಂತಗುಣವು ತೋರುವುದಿಲ್ಲ.

ಈ ಭೇದವು ಗಣಿಗಾರನಿಗೆ ಮುಖ್ಯವಾದುದು. ಭೂಮಿಯ ಕಾಂತಬಲವನ್ನಳೆದು ಅದಿರನ್ನು ಹುಡುಕುವವನು ಮೊದಲನೆಯ ಜಾತಿಯನ್ನು ಸುಲಭವಾಗಿ ಗುರುತಿಸುವನು. ಎರಡನೆಯದರ ಮೇಲೆ ಏನನ್ನೂ ಕಾಣದೆ ನಡೆದುಹೋಗಬಹುದು. ಆದುದರಿಂದ ಯಂತ್ರದ ಮೌನವು ಅದಿರಿಲ್ಲವೆಂಬುದಕ್ಕೆ ಪ್ರಮಾಣವಾಗಲಾರದು.

ಬರಿದು ನೆಲೆಯಿಂದ ಇಷ್ಟು ಮಾರ್ಪಾಡಾದರೆ, ಒಂದು ಧಾತುವಿನ ನೆಲೆಯಲ್ಲಿ ಮತ್ತೊಂದನ್ನಿಟ್ಟರೆ ಏನಾದೀತು? ಎಡಗೈ ಬಲಗೈಗಳಂತೆ ತನ್ನ ಪ್ರತಿಬಿಂಬದೊಡನೆ ಹೊಂದದ ಸ್ಫಟಿಕಗಳಲ್ಲಿ ಇದಕ್ಕೆ ಉತ್ತರ ದೊರೆತಿದೆ. ಆ ಜಾತಿಯ ಮ್ಯಾಂಗನೀಸ್ ಸಿಲಿಸೈಡಿನಲ್ಲಿ ಕೆಲ್ವಿನ್ ಮಾನದ ಸುಮಾರು ೨೯ ಡಿಗ್ರಿಗಿಂತ ಕೆಳಗೆ ಪರಮಾಣುಗಳ ಕಾಂತದಿಕ್ಕು ತಿರುಪಿನ ಸುತ್ತಿನಂತೆ ತಿರುಗುತ್ತ ಹೋಗುತ್ತದೆ. ಕಬ್ಬಿಣದ ಸಿಲಿಸೈಡಿಗೂ ಕೋಬಾಲ್ಟಿನ ಸಿಲಿಸೈಡಿಗೂ ಬೇರೆಬೇರೆಯಾಗಿ ಕಾಂತಕ್ರಮವಿಲ್ಲ. ಒಂದರ ನೆಲೆಗಳಲ್ಲಿ ಇನ್ನೊಂದನ್ನು ಬೆರಸಿದರೆ ಅದೇ ತಿರುಪಿನ ಕ್ರಮವು ಹುಟ್ಟುತ್ತದೆ. ಮ್ಯಾಂಗನೀಸಿನ ಜರ್ಮನೈಡಿನಲ್ಲಿ ಕಬ್ಬಿಣವನ್ನು ಹೆಚ್ಚಿಸುತ್ತ ಹೋದರೆ, ಅದು ೧೦ ಪಾಲಿನಲ್ಲಿ ಸುಮಾರು ೮ ಪಾಲಾಗುವಾಗ ತಿರುಪಿನ ಸುತ್ತು ಬಿಚ್ಚಿ, ಬಳಿಕ ವಿರುದ್ಧ ದಿಕ್ಕಿಗೆ ಸುತ್ತಿಕೊಳ್ಳುತ್ತದೆ.

ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿದುವು. ಆದರೂ ಅಲ್ಲಿಯ ಕಲ್ಲು ಕಲಿಸುವ ಪಾಠವು ನಿಂತಿಲ್ಲ. ವಸ್ತುವಿನಲ್ಲಿ ಏನಿದೆ ಎಂಬುದರ ಜೊತೆಗೆ, ಅದು ಯಾವ ನೆಲೆಯಲ್ಲಿದೆ, ಯಾವ ನೆಲೆಯಲ್ಲಿಲ್ಲ ಎಂಬುದನ್ನೂ ತಿಳಿದಲ್ಲದೆ ಅದರ ಕಾಂತಗುಣವನ್ನು ನಿರ್ಣಯಿಸಲಾಗದು.